ಕೆರಳು ಕರುಳಿನ ಬೇನೆಗೆ ಪ್ರೋಬಯಾಟಿಕ್

ಕೆರಳು ಕರುಳಿನ ಬೇನೆ (ಐಬಿಎಸ್) ತರುವ ಹೊಟ್ಟೆನೋವು, ಉಬ್ಬರ, ಭೇದಿ, ಮಲಬದ್ಧತೆಗಳನ್ನು ತಗ್ಗಿಸಲೆಂದು ಜೀವಂತ ಸೂಕ್ಷ್ಮಜೀವಿಗಳನ್ನು ಗುಳಿಗೆ, ಪುಡಿ, ದ್ರವ ಅಥವಾ ಹುದುಗಿಸಿದ ಪಾನೀಯದ ರೂಪದಲ್ಲಿ ಸೇವಿಸುವ ಕ್ರಮ. ಬೇನೆಯನ್ನು ಬೇರುಸಹಿತ ಕೀಳುವ ಶಕ್ತಿ ಇದಕ್ಕಿಲ್ಲ. ಲಕ್ಷಣಗಳ ಕಾಟ ಕಡಿಮೆಯಾದರೆ ಅಷ್ಟರಮಟ್ಟಿಗೆ ಲಾಭ. ಈ ಬಗ್ಗೆ 80ಕ್ಕೂ ಹೆಚ್ಚು ಪ್ರಯೋಗಗಳು ನಡೆದಿವೆ. ಆದರೂ ವೈದ್ಯಸಂಘಗಳ ಅಭಿಪ್ರಾಯ ಒಂದಾಗಿಲ್ಲ. ತೊಡಕು ಹೆಸರಿನಲ್ಲೇ ಇದೆ. ‘ಪ್ರೋಬಯಾಟಿಕ್’ ಎಂದರೆ ಒಂದು ಔಷಧವಲ್ಲ, ಒಂದಕ್ಕೊಂದು ಹೋಲದ ಹತ್ತಾರು ತಳಿಗಳಿಗೆ ಸೇರಿಸಿ ಇಟ್ಟ ಒಟ್ಟು ಹೆಸರು. ಒಂದು ತಳಿಯ ಗುಣವನ್ನು ಇನ್ನೊಂದರ ಲೆಕ್ಕಕ್ಕೆ ಬರೆಯುವಂತಿಲ್ಲ. ಅದೇ ತಳಿ ಕೂಡ ಪ್ರಮಾಣ ಬದಲಾದಾಗ, ರೋಗಿಗಳ ಗುಂಪು ಬದಲಾದಾಗ ಬೇರೆ ಫಲ ಕೊಟ್ಟದ್ದುಂಟು.

ಬೇನೆಯ ಸ್ವರೂಪ

ಐಬಿಎಸ್‌ನಲ್ಲಿ ಕರುಳಿನ ರಚನೆ ಕೆಟ್ಟಿರುವುದಿಲ್ಲ, ನಡವಳಿಕೆ ಕೆಟ್ಟಿರುತ್ತದೆ. ಎಂಡೋಸ್ಕೋಪಿಯಲ್ಲಿ ಹುಣ್ಣು ಕಾಣದು, ರಕ್ತಪರೀಕ್ಷೆಯಲ್ಲಿ ದೋಷ ಸಿಗದು, ಸ್ಕ್ಯಾನಿಂಗ್ ವರದಿ ಸರಿಯಾಗಿಯೇ ಬರುತ್ತದೆ. ‘ಎಲ್ಲ ನಾರ್ಮಲ್ ಇದೆ’ ಎಂದು ವೈದ್ಯರು ಹೇಳಿದ ಮೇಲೂ ರೋಗಿಯ ನೋವು ಹಾಗೇ ಉಳಿಯುತ್ತದೆ. ಇಂದಿನ ವೈದ್ಯಶಾಸ್ತ್ರ ಇದನ್ನು ಕರುಳು ಮತ್ತು ಮಿದುಳಿನ ನಡುವಣ ಸಂವಹನದ ತೊಂದರೆ ಎಂದು ಪರಿಗಣಿಸುತ್ತದೆ.

ರೋಗವನ್ನು ಗುರುತಿಸಲು ಬಳಕೆಯಲ್ಲಿರುವುದು ರೋಮ್ ಮಾನದಂಡ. 2016ರಲ್ಲಿ ಪ್ರಕಟವಾದ ಅದರ ನಾಲ್ಕನೆಯ ಆವೃತ್ತಿಯ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿಗೆ ಮಲವಿಸರ್ಜನೆಯೊಂದಿಗೆ ನಂಟು, ವಿಸರ್ಜನೆಯ ಸರದಿಯಲ್ಲಿ ಬದಲಾವಣೆ, ಮಲದ ರೂಪದಲ್ಲಿ ಬದಲಾವಣೆ ಈ ಮೂರರಲ್ಲಿ ಎರಡಾದರೂ ಸೇರಿರಬೇಕು. ತೊಂದರೆ ಶುರುವಾಗಿ ಆರು ತಿಂಗಳಾದರೂ ಆಗಿರಬೇಕು. ಮಲದ ರೂಪವನ್ನು ಅಳೆಯಲು ಬ್ರಿಸ್ಟಲ್ ಪಟ್ಟಿ ಇದೆ. ಆಡಿನ ಹಿಕ್ಕೆಯಂಥ ಗಟ್ಟಿ ಉಂಡೆಗಳಿಂದ ಹಿಡಿದು ಬರೀ ನೀರಿನವರೆಗೆ ಅದರಲ್ಲಿ ಏಳು ಬಗೆಗಳಿವೆ. ಇದರ ಆಧಾರದ ಮೇಲೆ ಭೇದಿ ಪ್ರಧಾನ, ಮಲಬದ್ಧತೆ ಪ್ರಧಾನ, ಮಿಶ್ರ ಮತ್ತು ವರ್ಗೀಕರಿಸಲಾಗದ್ದು ಎಂದು ರೋಗಿಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಭಾರತೀಯ ಜಠರಕರುಳು ತಜ್ಞರ ಸಂಘದ ಕಾರ್ಯಪಡೆ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಮುದಾಯದ ಶೇ 4.2ರಷ್ಟು ಜನರಲ್ಲಿ ಈ ಬೇನೆ ಕಂಡುಬಂದಿತ್ತು.

ಕಾರಣ ಒಂದಲ್ಲ. ಕರುಳಿನ ನರಗಳು ಅತಿಯಾಗಿ ಸ್ಪಂದಿಸುವುದು ಬಹುಮುಖ್ಯವಾದ ಒಂದು ಸಂಗತಿ. 1973ರಲ್ಲಿ ರಿಚಿ ಎಂಬ ವೈದ್ಯ ದೊಡ್ಡ ಕರುಳಿನ ಕೊನೆಯ ಭಾಗದೊಳಗೆ ಪುಟ್ಟ ಬಲೂನನ್ನು ಇಳಿಸಿ ಗಾಳಿ ತುಂಬಿಸಿ ನೋಡಿದ. ಬಲೂನು 60 ಮಿಲಿಲೀಟರಿನಷ್ಟು ಹಿಗ್ಗಿದಾಗ ಆರೋಗ್ಯವಂತರಲ್ಲಿ ನೋವೆಂದವರು ಶೇ 6ರಷ್ಟು, ಐಬಿಎಸ್ ರೋಗಿಗಳಲ್ಲಿ ಶೇ 55ರಷ್ಟು. ಊಟವಾದ ಮೇಲೆ ಎಲ್ಲರ ಕರುಳಿನಲ್ಲೂ ಏಳುವಷ್ಟೇ ವಾಯು ಇವರಿಗೆ ನೋವಾಗಿ ತಟ್ಟುತ್ತದೆ ಎಂಬುದಕ್ಕೆ ಇದು ಮೊದಲ ಸ್ಪಷ್ಟ ಪುರಾವೆಗಳಲ್ಲೊಂದು.

ಎರಡನೆಯ ಸಂಗತಿ ಸೋಂಕು. 2000ದ ಮೇ ತಿಂಗಳಲ್ಲಿ ಕೆನಡಾದ ಒಂಟಾರಿಯೋ ಪ್ರಾಂತದ ವಾಕರ್ಟನ್ ಎಂಬ ಪಟ್ಟಣದ ಕುಡಿಯುವ ನೀರಿಗೆ ದನದ ಸಗಣಿಯ ಬ್ಯಾಕ್ಟೀರಿಯಾ ಸೇರಿತು. ಎರಡು ಸಾವಿರಕ್ಕೂ ಹೆಚ್ಚು ಜನ ಭೇದಿಯಿಂದ ಮಲಗಿದರು, ಏಳು ಮಂದಿ ಸತ್ತರು. ಎರಡು ಮೂರು ವರ್ಷಗಳ ನಂತರ ನೋಡಿದಾಗ, ಕಾಯಿಲೆ ಬಿದ್ದವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನರಲ್ಲಿ ಐಬಿಎಸ್ ನೆಲೆಯೂರಿತ್ತು. ಭೇದಿಯಾಗದವರಲ್ಲಿ ಈ ಪ್ರಮಾಣ ಹತ್ತನೆಯ ಒಂದು ಪಾಲು. ಸೋಂಕು ಹೋದ ಮೇಲೂ ಕರುಳು ಮೊದಲಿನ ಸ್ಥಿತಿಗೆ ಮರಳುವುದಿಲ್ಲವೆಂದರೆ ಅದರೊಳಗಿನ ಸೂಕ್ಷ್ಮಜೀವಿಗಳ ಸಮುದಾಯ ಕದಡಿರಬೇಕೆಂಬ ಊಹೆಗೆ ಇಂಥ ಘಟನೆಗಳು ಬಲ ಕೊಟ್ಟವು. ಐಬಿಎಸ್‌ಗೆ ಪ್ರೋಬಯಾಟಿಕ್ ಕೊಟ್ಟು ನೋಡುವ ವಿಚಾರದ ಹಿಂದೆ ಈ ಊಹೆ ಇದೆ.

ಇತಿಹಾಸ

ಮನುಷ್ಯನ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ ಎಂದು 2016ರ ಲೆಕ್ಕಾಚಾರವೊಂದು ಅಂದಾಜಿಸಿದೆ. ಹೆಚ್ಚಿನವು ಇರುವುದು ದೊಡ್ಡ ಕರುಳಿನಲ್ಲಿ. ಇವುಗಳಲ್ಲಿ ಒಳ್ಳೆಯವನ್ನು ಹೊರಗಿನಿಂದ ಕೊಟ್ಟು ದೇಹಕ್ಕೆ ಉಪಕಾರ ಮಾಡಬಹುದೆಂಬ ವಿಚಾರಕ್ಕೆ ವೈಜ್ಞಾನಿಕ ರೂಪ ಕೊಟ್ಟವನು ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ (1845-1916). ಬಲ್ಗೇರಿಯದ ಹಳ್ಳಿಗರ ದೀರ್ಘಾಯುಸ್ಸಿಗೆ ಅವರು ಉಣ್ಣುವ ಹುಳಿಹಾಲೇ ಕಾರಣವೆಂದು ಆತ ನಂಬಿದ್ದ. ಆ ಮೊಸರಿನ ಬ್ಯಾಕ್ಟೀರಿಯಾವನ್ನು ಸ್ಟಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯದ ಯುವಕ 1905ರ ವೇಳೆಗೆ ಜಿನೀವಾದಲ್ಲಿ ಗುರುತಿಸಿದ್ದ. ಮೆಚ್ನಿಕಾಫನಿಗೆ 1908ರಲ್ಲಿ ನೊಬೆಲ್ ಬಂತು; ಬಂದದ್ದು ಮೊಸರಿಗಲ್ಲ, ರೋಗನಿರೋಧಕ ಶಕ್ತಿಯ ಸಂಶೋಧನೆಗೆ. ಆದರೆ ಆ ಖ್ಯಾತಿ ಹುಳಿಹಾಲಿನ ವಾದಕ್ಕೂ ಮೆರುಗು ಕೊಟ್ಟಿತು.

ಅದೇ ಸಂಸ್ಥೆಯ ಹೆನ್ರಿ ತಿಸಿಯೆ ಮೊಲೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾ ಹೇರಳವಾಗಿರುವುದನ್ನು 1899ರ ಸುಮಾರಿಗೆ ಕಂಡ. ಇಂದು ಬಿಫಿಡೋಬ್ಯಾಕ್ಟೀರಿಯಂ ಎನ್ನುವುದು ಇದನ್ನೇ. 1917ರಲ್ಲಿ ಜರ್ಮನಿಯ ಆಲ್‌ಫ್ರೆಡ್ ನಿಸ್ಲೆ, ಜೊತೆಯವರೆಲ್ಲ ಆಮಶಂಕೆಯಿಂದ ನರಳುತ್ತಿದ್ದಾಗ ಒಬ್ಬ ಸೈನಿಕ ಮಾತ್ರ ಆರೋಗ್ಯವಾಗಿರುವುದನ್ನು ಗಮನಿಸಿ, ಅವನ ಮಲದಿಂದ ಒಂದು ನಿರುಪದ್ರವಿ ಇ. ಕೋಲೈ ತಳಿಯನ್ನು ಬೇರ್ಪಡಿಸಿದ. 1920ರ ದಶಕದಲ್ಲಿ ಫ್ರಾನ್ಸಿನ ಹೆನ್ರಿ ಬುಲಾರ್ ಇಂಡೋಚೈನಾದಲ್ಲಿ ಲಿಚಿ ಮತ್ತು ಮ್ಯಾಂಗೊಸ್ಟೀನ್ ಹಣ್ಣಿನ ಸಿಪ್ಪೆಯಿಂದ ಒಂದು ಯೀಸ್ಟನ್ನು ಪಡೆದ; ಅಲ್ಲಿನವರು ಭೇದಿಗೆ ಆ ಸಿಪ್ಪೆಯ ಕಷಾಯ ಕುಡಿಯುತ್ತಿದ್ದುದು ಅವನ ಕಣ್ಣಿಗೆ ಬಿದ್ದಿತ್ತು. ಜಪಾನಿನ ಮಿನೊರು ಶಿರೋಟ 1930ರಲ್ಲಿ ಒಂದು ತಳಿಯನ್ನು ಬೆಳೆಸಿ, 1935ರಲ್ಲಿ ಅದನ್ನು ಯಾಕುಲ್ಟ್ ಎಂಬ ಪಾನೀಯವಾಗಿ ಮಾರುಕಟ್ಟೆಗೆ ತಂದ.

ಇವರಾರೂ ಐಬಿಎಸ್ ಅನ್ನು ಗುರಿಯಾಗಿಟ್ಟುಕೊಂಡವರಲ್ಲ. ಆ ಕಾಯಿಲೆಗೆ ಒಪ್ಪಿತವಾದ ಲಕ್ಷಣಪಟ್ಟಿ ಸಿದ್ಧವಾಗತೊಡಗಿದ್ದೇ 1978ರ ಮ್ಯಾನಿಂಗ್ ಮಾನದಂಡದಿಂದ. ನಿಯಂತ್ರಿತ ಪ್ರಯೋಗಗಳು ಬಿರುಸಾದದ್ದು 2000ದ ನಂತರ.

ವ್ಯಾಖ್ಯೆ ಮತ್ತು ಹೆಸರಿಡುವ ಕ್ರಮ

2001ರಲ್ಲಿ ಅರ್ಜೆಂಟೀನಾದ ಕಾರ್ಡೊಬದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ತಜ್ಞರ ಸಭೆ ಪ್ರೋಬಯಾಟಿಕ್‌ನ ವ್ಯಾಖ್ಯೆಯನ್ನು ಖಚಿತಪಡಿಸಿತು. 2014ರಲ್ಲಿ ಅದನ್ನು ಸ್ವಲ್ಪ ತಿದ್ದಲಾಯಿತು. ಅದರಂತೆ ಮೂರು ಷರತ್ತುಗಳಿವೆ. ಸೂಕ್ಷ್ಮಜೀವಿ ಬದುಕಿರಬೇಕು. ಸಾಕಷ್ಟು ಪ್ರಮಾಣದಲ್ಲಿ ದೇಹಕ್ಕೆ ಸೇರಬೇಕು. ಅದರಿಂದ ಆರೋಗ್ಯಕ್ಕೆ ಲಾಭವಾಗುತ್ತದೆಂದು ತೋರಿಸಿರಬೇಕು.

ಪ್ರಮಾಣವನ್ನು ಹೇಳುವುದು ಸಿಎಫ್‌ಯು ಎಂಬ ಮಾನದಲ್ಲಿ, ಅಂದರೆ ತಟ್ಟೆಯಲ್ಲಿ ಬೆಳೆಸಿದಾಗ ಪ್ರತ್ಯೇಕ ಗುಂಪಾಗಿ ಮೊಳೆಯಬಲ್ಲ ಜೀವಕಣಗಳ ಎಣಿಕೆ. ಪ್ರಯೋಗಗಳಲ್ಲಿ ದಿನಕ್ಕೆ ಹತ್ತು ಲಕ್ಷದಿಂದ ಹತ್ತಾರು ಸಾವಿರ ಕೋಟಿಯವರೆಗೂ ಕೊಟ್ಟಿದ್ದಾರೆ.

ಹೆಸರಿನಲ್ಲಿ ಮೂರು ಭಾಗಗಳಿರುತ್ತವೆ: ಕುಲ, ಪ್ರಭೇದ, ತಳಿ. ‘ಬಿಫಿಡೋಬ್ಯಾಕ್ಟೀರಿಯಂ ಲಾಂಗಮ್ 35624’ ಎಂಬಲ್ಲಿ ಕೊನೆಯ ಸಂಖ್ಯೆಯೇ ತಳಿ. ಭತ್ತದಲ್ಲಿ ಸೋನಾ ಮಸೂರಿ, ರಾಜಮುಡಿ ಇದ್ದಂತೆ ಒಂದೇ ಪ್ರಭೇದದಲ್ಲಿ ಗುಣ ಬೇರೆಯಾದ ಅನೇಕ ತಳಿಗಳಿರುತ್ತವೆ. ಕರುಳಿಗೆ ಕೆಡುಕು ಮಾಡುವ ಇ. ಕೋಲೈ ತಳಿಗಳೂ ನಿಸ್ಲೆಯ ನಿರುಪದ್ರವಿ ತಳಿಯೂ ಒಂದೇ ಪ್ರಭೇದಕ್ಕೆ ಸೇರಿದವು. 2020ರಲ್ಲಿ ಲ್ಯಾಕ್ಟೋಬ್ಯಾಸಿಲಸ್ ಎಂಬ ದೊಡ್ಡ ಕುಲವನ್ನು ಒಡೆದು 25 ಕುಲಗಳನ್ನಾಗಿ ಹಂಚಲಾಯಿತು. ಹಾಗಾಗಿ ಹಳೆಯ ‘ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್’ ಹೊಸ ಬರಹಗಳಲ್ಲಿ ‘ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್’ ಆಗಿದೆ. ಅಂಗಡಿಯ ಪೊಟ್ಟಣಗಳ ಮೇಲೆ ಎರಡೂ ಹೆಸರುಗಳು ಕಾಣುತ್ತವೆ.

ಕೆಲಸಮಾಡುವ ಬಗೆ

ನುಂಗಿದ ಬ್ಯಾಕ್ಟೀರಿಯಾ ಮೊದಲು ಜಠರದ ಆಮ್ಲವನ್ನು, ಆಮೇಲೆ ಪಿತ್ತರಸವನ್ನು ದಾಟಬೇಕು. ಬ್ಯಾಸಿಲಸ್ ಗುಂಪಿನವು ಬೀಜದಂಥ ಗಟ್ಟಿ ಕವಚದ ಬೀಜಕಗಳಾಗಿ ಇದನ್ನು ಸುಲಭವಾಗಿ ದಾಟುತ್ತವೆ. ಉಳಿದವನ್ನು ಕ್ಯಾಪ್ಸೂಲಿನಲ್ಲೋ ಹಾಲಿನಂಥ ಆಹಾರದಲ್ಲೋ ಅಡಗಿಸಿ ಕಳಿಸಬೇಕಾಗುತ್ತದೆ. ದಾಟಿದವು ಕೂಡ ಕರುಳಿನಲ್ಲಿ ಮನೆಮಾಡಿಕೊಂಡು ಉಳಿಯುವುದು ವಿರಳ. ಸೇವನೆ ನಿಲ್ಲಿಸಿದ ಕೆಲವು ದಿನ ಅಥವಾ ವಾರಗಳಲ್ಲಿ ಹೆಚ್ಚಿನವು ಮಲದಲ್ಲಿ ಕಾಣದಾಗುತ್ತವೆ.

ಈ ಅತಿಥಿಗಳು ಮಾಡುವ ಕೆಲಸಗಳ ಬಗ್ಗೆ ಹಲವು ಪುರಾವೆಗಳಿವೆ. ಆಮ್ಲ ಹಾಗೂ ಇತರ ವಸ್ತುಗಳನ್ನು ಒಸರಿ ರೋಗಕಾರಕಗಳನ್ನು ಹತ್ತಿಕ್ಕುವುದು, ಕರುಳಿನ ಒಳಪದರದ ಕೋಶಗಳ ನಡುವಿನ ಬೆಸುಗೆಯನ್ನು ಬಿಗಿಗೊಳಿಸುವುದು, ಉರಿಯೂತದ ಸಂಕೇತಗಳನ್ನು ತಗ್ಗಿಸುವುದು ಅವುಗಳಲ್ಲಿ ಮುಖ್ಯ. ನೋವಿನ ಮೇಲೂ ನೇರ ಪರಿಣಾಮ ಇರಬಹುದು: 2007ರಲ್ಲಿ ಫ್ರಾನ್ಸಿನ ತಂಡವೊಂದು ಅಸಿಡೋಫಿಲಸ್ ಪ್ರಭೇದದ ಎನ್‌ಸಿಎಫ್‌ಎಂ ತಳಿಯನ್ನು ಇಲಿಗಳಿಗೆ ಕೊಟ್ಟಾಗ, ಕರುಳಿನ ಕೋಶಗಳಲ್ಲಿ ನೋವು ತಗ್ಗಿಸುವ ಒಪಿಯಾಯ್ಡ್ ಗ್ರಾಹಕಗಳು ಹೆಚ್ಚಿದ್ದವು. ಮಿದುಳಿನವರೆಗೂ ಪ್ರಭಾವ ತಲಪುತ್ತದೆಂಬುದಕ್ಕೆ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ 2017ರ ಪ್ರಯೋಗ ಒಂದು ಸುಳಿವು. ಐಬಿಎಸ್ ಜೊತೆಗೆ ಖಿನ್ನತೆ ಅಥವಾ ಆತಂಕವೂ ಇದ್ದ 44 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಬಿಫಿಡೋಬ್ಯಾಕ್ಟೀರಿಯಂ ಲಾಂಗಮ್ ಎನ್‌ಸಿಸಿ 3001 ತಳಿಯನ್ನು ಆರು ವಾರ ಕೊಡಲಾಯಿತು. ಖಿನ್ನತೆಯ ಅಂಕ ಇಳಿದವರು ಆ ಗುಂಪಿನ 22ರಲ್ಲಿ 14 ಮಂದಿ, ಔಷಧಾಂಶವಿಲ್ಲದ ಹುಸಿಮದ್ದು (ಪ್ಲಸೀಬೊ) ಪಡೆದ ಗುಂಪಿನ 22ರಲ್ಲಿ 7 ಮಂದಿ. ಆತಂಕ ಮಾತ್ರ ಇಳಿಯಲಿಲ್ಲ. ಇಷ್ಟು ಚಿಕ್ಕ ಗುಂಪಿನಿಂದ ದೊಡ್ಡ ತೀರ್ಮಾನ ಸಲ್ಲದು.

ಮುಖ್ಯ ಪ್ರಯೋಗಗಳು

35624 ತಳಿ: ಐರ್ಲೆಂಡಿನ ಕಾರ್ಕ್ ನಗರದಲ್ಲಿ ಬೆಳಕಿಗೆ ಬಂದ ತಳಿ. 2005ರಲ್ಲಿ 77 ರೋಗಿಗಳ ಮೇಲೆ ಎಂಟು ವಾರ ನಡೆದ ಪ್ರಯೋಗದಲ್ಲಿ ಇದು ನೋವು ಮತ್ತು ಉಬ್ಬರವನ್ನು ತಗ್ಗಿಸಿತು. ಜೊತೆಗೆ ಪರೀಕ್ಷೆಗೊಳಗಾದ ಇನ್ನೊಂದು ಲ್ಯಾಕ್ಟೋಬ್ಯಾಸಿಲಸ್ ತಳಿಯಿಂದ ಅಂಥ ಫಲ ಬರಲಿಲ್ಲ. ಮರುವರ್ಷ ಮ್ಯಾಂಚೆಸ್ಟರಿನ ಪೀಟರ್ ವೋರ್ವೆಲ್ ಮತ್ತು ಸಂಗಡಿಗರು 362 ಮಹಿಳೆಯರನ್ನು ಆರಿಸಿ ಮೂರು ಪ್ರಮಾಣಗಳನ್ನು ಹೋಲಿಸಿದರು: ಕ್ಯಾಪ್ಸೂಲಿಗೆ 10 ಲಕ್ಷ, 10 ಕೋಟಿ, 1,000 ಕೋಟಿ. ಹುಸಿಮದ್ದಿಗಿಂತ ಮೇಲಾದದ್ದು ನಡುವಿನ ಪ್ರಮಾಣವೊಂದೇ. ಅತಿ ಹೆಚ್ಚಿನ ಪ್ರಮಾಣ ಏಕೆ ಸೋತಿತೆಂದು ಕ್ಯಾಪ್ಸೂಲನ್ನು ಪರೀಕ್ಷಿಸಿದಾಗ ಗುಟ್ಟು ರಟ್ಟಾಯಿತು. ಕಿಕ್ಕಿರಿದು ತುಂಬಿದ್ದ ಬ್ಯಾಕ್ಟೀರಿಯಾಗಳು ತೇವ ತಾಗಿದೊಡನೆ ಅಂಟಿನಂತೆ ಮುದ್ದೆಗಟ್ಟಿ ಕರಗದೆ ಉಳಿಯುತ್ತಿದ್ದವು. ಲೆಕ್ಕದಲ್ಲಿ ನೂರು ಪಟ್ಟು ಹೆಚ್ಚಿದ್ದ ಔಷಧಿ ಕರುಳಿಗೆ ಬಿಡುಗಡೆಯೇ ಆಗುತ್ತಿರಲಿಲ್ಲ. ಹೆಚ್ಚು ಕೋಟಿ ಎಂದರೆ ಹೆಚ್ಚು ಗುಣವೆಂಬ ಜಾಹೀರಾತಿನ ಮಾತಿಗೆ ಈ ಪ್ರಯೋಗ ಒಳ್ಳೆಯ ಉತ್ತರ.

299ವಿ ತಳಿ: ಪ್ಲಾಂಟಾರಮ್ ಪ್ರಭೇದದ ಈ ತಳಿಯನ್ನು ಭಾರತದ ಕೇಂದ್ರಗಳಲ್ಲಿ 214 ರೋಗಿಗಳ ಮೇಲೆ ನಾಲ್ಕು ವಾರ ಪರೀಕ್ಷಿಸಿದ ವರದಿ 2012ರಲ್ಲಿ ಬಂತು. ಪರಿಣಾಮ ‘ಉತ್ತಮ’ ಅಥವಾ ‘ಅತ್ಯುತ್ತಮ’ ಎಂದವರು ಪ್ರೋಬಯಾಟಿಕ್ ಗುಂಪಿನಲ್ಲಿ ಶೇ 78.1, ಹುಸಿಮದ್ದಿನ ಗುಂಪಿನಲ್ಲಿ ಶೇ 8.1. ಇಷ್ಟು ದೊಡ್ಡ ಅಂತರ ಈ ಕ್ಷೇತ್ರದಲ್ಲಿ ಅಪರೂಪ. ಐಬಿಎಸ್ ಪ್ರಯೋಗಗಳಲ್ಲಿ ಹುಸಿಮದ್ದಿಗೇ ಸಾಮಾನ್ಯವಾಗಿ ಶೇ 40ರ ಆಸುಪಾಸಿನ ಜನ ಸ್ಪಂದಿಸುವುದರಿಂದ, ಇಲ್ಲಿನ ಶೇ 8.1 ಎಂಬ ಸಂಖ್ಯೆಯೇ ವಿಮರ್ಶಕರ ಹುಬ್ಬೇರಿಸುತ್ತದೆ. ಎರಡು ವರ್ಷಗಳ ನಂತರ ದಕ್ಷಿಣ ಆಫ್ರಿಕದಲ್ಲಿ 81 ರೋಗಿಗಳ ಮೇಲೆ ಇದೇ ತಳಿಯನ್ನು ಎಂಟು ವಾರ ಪರೀಕ್ಷಿಸಿದಾಗ ಹುಸಿಮದ್ದಿಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ.

ಬ್ಯಾಸಿಲಸ್ ಕೊಯಾಗುಲನ್ಸ್ ಎಂಟಿಸಿಸಿ 5856: ಬೆಂಗಳೂರಿನ ಸಾಮಿ ಲ್ಯಾಬ್ಸ್ ಅಭಿವೃದ್ಧಿಪಡಿಸಿದ ಬೀಜಕ ತಳಿ. ಭೇದಿ ಪ್ರಧಾನ ಐಬಿಎಸ್ ಇದ್ದ 36 ರೋಗಿಗಳ ಮೇಲೆ ದಿನಕ್ಕೆ 200 ಕೋಟಿಯಂತೆ 90 ದಿನ ನಡೆಸಿದ ಪ್ರಯೋಗದ ವರದಿ 2016ರಲ್ಲಿ ಪ್ರಕಟವಾಯಿತು. ನೋವು, ಉಬ್ಬರ, ಭೇದಿ ಎಲ್ಲವೂ ತಗ್ಗಿದ್ದವು. ಸಂಖ್ಯೆ ಚಿಕ್ಕದು ಮತ್ತು ಪ್ರಯೋಗ ನಡೆಸಿದ್ದು ತಯಾರಕರೇ ಎಂಬುದನ್ನು ಫಲಿತಾಂಶದ ಜೊತೆಗಿಟ್ಟು ಓದಬೇಕು. ಈ ಮಾತು ಈ ಕ್ಷೇತ್ರದ ಇನ್ನೂ ಹಲವು ಪ್ರಯೋಗಗಳಿಗೆ ಅನ್ವಯಿಸುತ್ತದೆ.

ಬಿಫಿಡೋಬ್ಯಾಕ್ಟೀರಿಯಂ ಬಿಫಿಡಮ್ ಎಂಐಎಂಬಿಬಿ75: ಜೀವಂತ ರೂಪದಲ್ಲಿ 2011ರಲ್ಲಿ 122 ರೋಗಿಗಳ ಮೇಲೆ ಯಶಸ್ವಿಯಾದ ತಳಿ. 2020ರಲ್ಲಿ ಜರ್ಮನಿಯಲ್ಲಿ ಇದನ್ನು ಕಾಯಿಸಿ ಕೊಂದು 443 ರೋಗಿಗಳ ಮೇಲೆ ಪರೀಕ್ಷಿಸಿದರು. ಎಂಟು ವಾರಗಳ ಪ್ರಯೋಗದಲ್ಲಿ ನಿಗದಿತ ಗುರಿ ಮುಟ್ಟಿದವರು ಶೇ 34, ಹುಸಿಮದ್ದಿನವರು ಶೇ 19. ಸತ್ತ ಬ್ಯಾಕ್ಟೀರಿಯಾವೂ ಕೆಲಸ ಮಾಡುತ್ತದೆಂದ ಮೇಲೆ, ಉಪಕಾರ ಆಗುವುದು ಜೀವಕ್ರಿಯೆಯಿಂದಲೋ ಕೋಶಭಿತ್ತಿಯ ಸ್ಪರ್ಶದಿಂದಲೋ ಎಂಬ ಹೊಸ ಪ್ರಶ್ನೆ ಹುಟ್ಟಿತು. ಇಂಥ ನಿರ್ಜೀವ ಸಿದ್ಧತೆಗಳಿಗೆ ಈಗ ಪೋಸ್ಟ್‌ಬಯಾಟಿಕ್ ಎಂಬ ಪ್ರತ್ಯೇಕ ಹೆಸರಿದೆ.

ಹುಸಿಮದ್ದಿನ ಪಾಲು

ಐಬಿಎಸ್ ಏರಿಳಿತದ ಕಾಯಿಲೆ. ತೊಂದರೆ ತೀರ ಹೆಚ್ಚಿದಾಗ ಜನ ಔಷಧಿ ಹಿಡಿಯುತ್ತಾರೆ. ಔಷಧಿಯಿಲ್ಲದಿದ್ದರೂ ಅದು ಇಳಿಯುವ ಹೊತ್ತಾಗಿರಬಹುದು. ಇದರ ಜೊತೆಗೆ ನಿರೀಕ್ಷೆಯ ಬಲವೂ ಸೇರುತ್ತದೆ. ಹಾರ್ವರ್ಡ್‌ನ ಟೆಡ್ ಕ್ಯಾಪ್ಚುಕ್ 2010ರಲ್ಲಿ 80 ರೋಗಿಗಳ ಮೇಲೆ ವಿಚಿತ್ರವೆನಿಸುವ ಪ್ರಯೋಗ ಮಾಡಿದರು. ಒಂದು ಗುಂಪಿಗೆ ‘ಇದರಲ್ಲಿ ಔಷಧಿಯೇನೂ ಇಲ್ಲ’ ಎಂದು ಮುಂಚೆಯೇ ತಿಳಿಸಿ ಬರೀ ಸಕ್ಕರೆಯಂಥ ಗುಳಿಗೆ ಕೊಟ್ಟರು. ಮೂರು ವಾರಗಳಲ್ಲಿ ಅವರಲ್ಲಿ ಶೇ 59 ಮಂದಿ ಸಾಕಷ್ಟು ಆರಾಮವಾಯಿತೆಂದರು. ಏನೂ ಕೊಡದ ಗುಂಪಿನಲ್ಲಿ ಹಾಗೆಂದವರು ಶೇ 35. ಆದ್ದರಿಂದ ‘ನನಗೆ ಇದರಿಂದ ಗುಣವಾಯಿತು’ ಎಂಬ ಒಬ್ಬರ ಅನುಭವ ಸುಳ್ಳಲ್ಲದಿದ್ದರೂ, ಗುಣ ಬಂದದ್ದು ಬ್ಯಾಕ್ಟೀರಿಯಾದಿಂದಲೇ ಎಂಬುದಕ್ಕೆ ಅದು ಪುರಾವೆಯಾಗದು.

ಒಟ್ಟು ಸಾಕ್ಷ್ಯ ಮತ್ತು ಮಾರ್ಗಸೂಚಿಗಳು

2018ರ ಅವಲೋಕನವೊಂದು 53 ಪ್ರಯೋಗಗಳ 5,545 ರೋಗಿಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿತ್ತು. 2023ರಲ್ಲಿ ಅದೇ ಕೆಲಸವನ್ನು ನವೀಕರಿಸಿದಾಗ ಸಂಖ್ಯೆ 82 ಪ್ರಯೋಗ, 10,332 ರೋಗಿಗಳಿಗೆ ಏರಿತ್ತು. ಕೆಲವು ತಳಿ ಹಾಗೂ ಮಿಶ್ರಣಗಳು ನೋವು, ಉಬ್ಬರ ಇಲ್ಲವೆ ಒಟ್ಟು ಲಕ್ಷಣಗಳಲ್ಲಿ ಹುಸಿಮದ್ದಿಗಿಂತ ಮೇಲೆಂದು ಕಂಡರೂ, ಆ ಸಾಕ್ಷ್ಯದ ವಿಶ್ವಾಸಾರ್ಹತೆ ಬಹುತೇಕ ಕಡೆ ‘ಕಡಿಮೆ’ ಅಥವಾ ‘ತೀರ ಕಡಿಮೆ’ ಎಂದು ಲೇಖಕರು ದಾಖಲಿಸಿದರು. ಪ್ರಯೋಗಗಳು ಚಿಕ್ಕವು, ತಳಿಗಳು ಬೇರೆಬೇರೆ, ಅವಧಿ ಅಲ್ಪ, ಅಳತೆಗೋಲು ಒಂದೊಂದರಲ್ಲಿ ಒಂದೊಂದು.

ಹೆಚ್ಚುಕಡಿಮೆ ಇದೇ ರಾಶಿಯನ್ನು ಮುಂದಿಟ್ಟುಕೊಂಡು ವೈದ್ಯಸಂಘಗಳು ಕೊಟ್ಟ ತೀರ್ಪುಗಳು ಹೀಗಿವೆ. ಅಮೆರಿಕದ ಜಠರಕರುಳು ವೈದ್ಯಕೀಯ ಸಂಘ (ಎಜಿಎ) 2020ರಲ್ಲಿ, ಐಬಿಎಸ್‌ಗೆ ಪ್ರೋಬಯಾಟಿಕ್‌ಗಳನ್ನು ಸಂಶೋಧನಾ ಪ್ರಯೋಗದ ಚೌಕಟ್ಟಿನಲ್ಲಷ್ಟೇ ಬಳಸಬೇಕೆಂದಿತು. ಅಲ್ಲಿನದೇ ಇನ್ನೊಂದು ಸಂಘಟನೆಯಾದ ಎಸಿಜಿ 2021ರಲ್ಲಿ, ಒಟ್ಟು ಲಕ್ಷಣಗಳ ಚಿಕಿತ್ಸೆಗೆ ಇವು ಬೇಡವೆಂದು ಸೂಚಿಸಿತು. ಬ್ರಿಟಿಷ್ ಸಂಘದ (ಬಿಎಸ್‌ಜಿ) ನಿಲುವು ಬೇರೆ: ಒಂದು ಗುಂಪಾಗಿ ನೋಡಿದರೆ ಪ್ರೋಬಯಾಟಿಕ್‌ಗಳಿಂದ ಉಪಯೋಗ ಇರಬಹುದು, ಇಂಥದೇ ತಳಿ ಎಂದು ಹೇಳಲಾಗದು, ಬಯಸುವ ರೋಗಿ 12 ವಾರಗಳವರೆಗೆ ತೆಗೆದುಕೊಂಡು ನೋಡಿ ಸುಧಾರಣೆ ಇಲ್ಲದಿದ್ದರೆ ಬಿಡಲಿ. ಇಂಗ್ಲೆಂಡಿನ ನೈಸ್ ಸಂಸ್ಥೆ 2008ರಿಂದಲೂ ಕನಿಷ್ಠ ನಾಲ್ಕು ವಾರದ ಪರೀಕ್ಷೆಯ ಮಾತಾಡುತ್ತಿದೆ. ಒಂದು ಕಡೆಯವರು ಪುರಾವೆ ಗಟ್ಟಿಯಾಗುವವರೆಗೆ ಕಾಯೋಣವೆನ್ನುತ್ತಾರೆ. ಇನ್ನೊಂದು ಕಡೆಯವರು, ಅಪಾಯ ಕಡಿಮೆಯಿರುವುದರಿಂದ ಗಡುವು ಹಾಕಿಕೊಂಡು ನೋಡಲು ಅಡ್ಡಿಯಿಲ್ಲವೆನ್ನುತ್ತಾರೆ. ಭಿನ್ನಾಭಿಪ್ರಾಯ ಇರುವುದು ಪುರಾವೆಯ ಬಗ್ಗೆ ಅಷ್ಟಾಗಿ ಅಲ್ಲ, ಅರೆಪುರಾವೆ ಇದ್ದಾಗ ಏನು ಮಾಡಬೇಕೆಂಬುದರ ಬಗ್ಗೆ.

ಬಳಸುವ ಕ್ರಮ

ಮೊದಲು ಕಾಯಿಲೆ ಐಬಿಎಸ್ ಹೌದೇ ಎಂದು ಖಚಿತವಾಗಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ, ಜ್ವರ, ನಿದ್ದೆಯಿಂದ ಎಬ್ಬಿಸುವ ಭೇದಿ, 50 ದಾಟಿದ ಮೇಲೆ ಹೊಸದಾಗಿ ಶುರುವಾದ ತೊಂದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದುದು ಇವು ಎಚ್ಚರಿಕೆಯ ಗುರುತುಗಳು. ಇವಿದ್ದಲ್ಲಿ ಪ್ರೋಬಯಾಟಿಕ್ ನುಂಗುತ್ತ ದಿನ ದೂಡುವುದು ತಪ್ಪು. ಭಾರತದಲ್ಲಿ ಕರುಳಿನ ಕ್ಷಯವೂ ಇದೇ ವೇಷದಲ್ಲಿ ಬರಬಹುದು.

ಔಷಧಿ ಅಂಗಡಿಯ ಸ್ಯಾಶೆಯನ್ನು ಕೈಗೆತ್ತಿಕೊಂಡಾಗ ನೋಡಬೇಕಾದದ್ದು ನಾಲ್ಕು. ತಳಿಯ ಸಂಖ್ಯೆ ಅಥವಾ ಸಂಕೇತ ಬರೆದಿದೆಯೇ, ಅಥವಾ ಬರೀ ಪ್ರಭೇದದ ಹೆಸರಿದೆಯೇ? ಜೀವಕಣಗಳ ಎಣಿಕೆ ತಯಾರಾದ ದಿನದ್ದೋ ಅವಧಿ ಮುಗಿಯುವ ದಿನದ್ದೋ? ಫ್ರಿಜ್ಜಿನಲ್ಲಿಡಬೇಕೆಂದು ಸೂಚನೆಯಿದೆಯೇ? ಜೊತೆಗೆ ಫ್ರಕ್ಟೋ-ಒಲಿಗೊಸ್ಯಾಕರೈಡ್‌ನಂಥ ನಾರುಸಕ್ಕರೆ ಬೆರೆಸಿದ್ದಾರೆಯೇ? ಬ್ಯಾಕ್ಟೀರಿಯಾಗಳ ಆಹಾರವೆಂದು ಸೇರಿಸುವ ಈ ಸಕ್ಕರೆ ದೊಡ್ಡ ಕರುಳಿನಲ್ಲಿ ಹುದುಗಿ ವಾಯು ಎಬ್ಬಿಸುತ್ತದೆ. ಉಬ್ಬರಕ್ಕೆಂದು ತೆಗೆದುಕೊಂಡ ಪುಡಿ ಉಬ್ಬರವನ್ನೇ ಹೆಚ್ಚಿಸುವುದಕ್ಕೆ ಕೆಲವೊಮ್ಮೆ ಇದೇ ಕಾರಣ.

ಒಂದು ಸಲಕ್ಕೆ ಒಂದೇ ಉತ್ಪನ್ನ, ಒಂದೇ ಪ್ರಮಾಣ, ಕನಿಷ್ಠ ನಾಲ್ಕು ವಾರ. ಈ ಅವಧಿಯಲ್ಲಿ ನೋವು, ಉಬ್ಬರ ಮತ್ತು ಮಲದ ಬಗೆಯನ್ನು ದಿನವೂ ಒಂದು ಸಾಲು ಬರೆದಿಟ್ಟರೆ ಕೊನೆಯಲ್ಲಿ ಲೆಕ್ಕ ಸಿಗುತ್ತದೆ. ಮೊದಲ ಕೆಲವು ದಿನ ವಾಯು ಹೆಚ್ಚುವುದು ಸಾಮಾನ್ಯ. 12 ವಾರಕ್ಕೂ ಬದಲಾವಣೆ ಇಲ್ಲದಿದ್ದರೆ ನಿಲ್ಲಿಸುವುದು ಲೇಸು. ಆ್ಯಂಟಿಬಯಾಟಿಕ್ ಸೇವಿಸುತ್ತಿದ್ದರೆ ಬ್ಯಾಕ್ಟೀರಿಯಾದ ಪ್ರೋಬಯಾಟಿಕ್ಕನ್ನು ಒಂದೆರಡು ಗಂಟೆ ಬಿಟ್ಟು ತೆಗೆದುಕೊಳ್ಳುವ ರೂಢಿಯಿದೆ. ಬುಲಾರ್ ಪಡೆದ ಬುಲಾರ್ಡಿಯಂಥ ಯೀಸ್ಟನ್ನು ಆ್ಯಂಟಿಬಯಾಟಿಕ್ ಕೊಲ್ಲದಾದ್ದರಿಂದ ಅದಕ್ಕೆ ಈ ಅಂತರ ಬೇಕಿಲ್ಲ.

ಪಥ್ಯದ ಜೊತೆಗೂ ಸಂಬಂಧವಿದೆ. ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಕಡಿಮೆ ಫಾಡ್‌ಮ್ಯಾಪ್ ಪಥ್ಯದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಬೇಳೆಕಾಳು, ಹಾಲು, ಮಾವಿನಹಣ್ಣಿನಂಥ ಬೇಗ ಹುದುಗುವ ಆಹಾರಗಳನ್ನು ಕೆಲವು ವಾರ ಕಡಿಮೆಮಾಡಿ ಆಮೇಲೆ ಒಂದೊಂದಾಗಿ ಮರಳಿ ಸೇರಿಸುತ್ತಾರೆ. ಇದರಿಂದ ಲಕ್ಷಣಗಳು ಇಳಿಯುತ್ತವೆ, ಜೊತೆಗೆ ಕರುಳಿನ ಬಿಫಿಡೋಬ್ಯಾಕ್ಟೀರಿಯಾಗಳೂ ಇಳಿಯುತ್ತವೆ. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 104 ರೋಗಿಗಳ ಮೇಲೆ ನಡೆದ 2017ರ ಪ್ರಯೋಗದಲ್ಲಿ, ಈ ಪಥ್ಯದ ಜೊತೆಗೆ ಬಹುತಳಿ ಪ್ರೋಬಯಾಟಿಕ್ ಕೊಟ್ಟಾಗ ಅವುಗಳ ಸಂಖ್ಯೆ ಕುಸಿಯಲಿಲ್ಲ.

ಸುರಕ್ಷತೆ

ಆರೋಗ್ಯವಂತ ವಯಸ್ಕರಲ್ಲಿ ಪ್ರೋಬಯಾಟಿಕ್‌ಗಳ ಅಡ್ಡಪರಿಣಾಮ ಅಲ್ಪ. 2023ರ ಅವಲೋಕನದಲ್ಲಿ ಹುಸಿಮದ್ದಿನವರಿಗಿಂತ ಪ್ರೋಬಯಾಟಿಕ್ ಪಡೆದವರಲ್ಲಿ ತೊಂದರೆಗಳು ಗಣನೀಯವಾಗಿ ಹೆಚ್ಚಿರಲಿಲ್ಲ. ಆದರೆ ‘ನೈಸರ್ಗಿಕ, ಆದ್ದರಿಂದ ನಿರಪಾಯಕಾರಿ’ ಎಂಬ ಮಾತು ಎಲ್ಲರಿಗೂ ಹೊಂದದು. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ತೀವ್ರ ಮೇದೋಜೀರಕ ಗ್ರಂಥಿಯ ಉರಿಯೂತದ ರೋಗಿಗಳಿಗೆ ಬಹುತಳಿ ಪ್ರೋಬಯಾಟಿಕ್ ಕೊಟ್ಟಾಗ ಆ ಗುಂಪಿನಲ್ಲಿ ಶೇ 16 ಮಂದಿ ಸತ್ತರು, ಹುಸಿಮದ್ದಿನ ಗುಂಪಿನಲ್ಲಿ ಶೇ 6. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಕೊಡುವ ಬಗ್ಗೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2023ರಲ್ಲಿ ಎಚ್ಚರಿಕೆ ಹೊರಡಿಸಿತು. ರೋಗನಿರೋಧಕ ಶಕ್ತಿ ಕುಂದಿದವರು, ತೀವ್ರನಿಗಾ ಘಟಕದಲ್ಲಿರುವವರು, ದೊಡ್ಡ ರಕ್ತನಾಳಕ್ಕೆ ಕ್ಯಾಥೆಟರ್ ಹಾಕಿಸಿಕೊಂಡವರು ವೈದ್ಯರನ್ನು ಕೇಳದೆ ಇವನ್ನು ಸೇವಿಸಬಾರದು; ಬುಲಾರ್ಡಿ ಯೀಸ್ಟ್ ಕ್ಯಾಥೆಟರಿನ ಮೂಲಕ ರಕ್ತಕ್ಕೆ ಸೇರಿದ ಪ್ರಕರಣಗಳು ದಾಖಲಾಗಿವೆ.

ಆ್ಯಂಟಿಬಯಾಟಿಕ್ ಮುಗಿದ ಮೇಲೆ ಕರುಳು ಚೇತರಿಸಿಕೊಳ್ಳಲೆಂದು ಪ್ರೋಬಯಾಟಿಕ್ ನುಂಗುವುದೂ ಈಗ ಪ್ರಶ್ನೆಗೊಳಗಾಗಿದೆ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯ 2018ರ ಅಧ್ಯಯನದಲ್ಲಿ ಹಾಗೆ ನುಂಗಿದವರ ಸ್ವಂತ ಬ್ಯಾಕ್ಟೀರಿಯಾ ಸಮುದಾಯ ಮರಳಿ ಬರಲು, ಏನೂ ನುಂಗದವರಿಗಿಂತ ಹೆಚ್ಚು ಕಾಲ ಹಿಡಿಯಿತು.

ಮೊಸರು, ಮಜ್ಜಿಗೆ ಮತ್ತು ಭಾರತದ ನಿಯಮ

ಊಟದ ಕೊನೆಗೆ ಮಜ್ಜಿಗೆ ಅನ್ನ ಉಣ್ಣುವ ನಾಡಿನಲ್ಲಿ, ಮೊಸರಿದ್ದ ಮೇಲೆ ಗುಳಿಗೆ ಯಾಕೆ ಎಂಬ ಪ್ರಶ್ನೆ ಸಹಜ. ಮನೆಯ ಮೊಸರಿನಲ್ಲಿ ಜೀವಂತ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳು ಧಾರಾಳವಾಗಿರುತ್ತವೆ. ಆದರೆ ಹೆಪ್ಪಿನಿಂದ ಹೆಪ್ಪಿಗೆ, ಮನೆಯಿಂದ ಮನೆಗೆ ಅವು ಬದಲಾಗುತ್ತವೆ. ಯಾವ ತಳಿ, ಎಷ್ಟು ಎಂದು ಹೇಳಲಾಗದು. ಆದ್ದರಿಂದ ಶಾಸ್ತ್ರೀಯ ವ್ಯಾಖ್ಯೆಯಂತೆ ಅದು ಒಳ್ಳೆಯ ಹುದುಗು ಆಹಾರ, ಪ್ರೋಬಯಾಟಿಕ್ ಅಲ್ಲ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅರಗದವರಿಗೆ ಮೊಸರು ಹಾಲಿಗಿಂತ ಹಗುರ. ಹಾಲು ಬಿಟ್ಟು ಮಜ್ಜಿಗೆ ಹಿಡಿದವರ ಉಬ್ಬರ ಇಳಿದದ್ದು ಐಬಿಎಸ್ ಗುಣವಾದದ್ದರಿಂದಲ್ಲ, ಲ್ಯಾಕ್ಟೋಸ್ ಕಡಿಮೆಯಾದದ್ದರಿಂದ ಎನ್ನುವ ಸಾಧ್ಯತೆ ಇದೆ. ಇಡ್ಲಿ, ದೋಸೆ ಹಿಟ್ಟನ್ನು ಉಬ್ಬಿಸುವ ಬ್ಯಾಕ್ಟೀರಿಯಾಗಳಂತೂ ಹಬೆಯಲ್ಲಿ, ಕಾವಲಿಯ ಮೇಲೆ ಸತ್ತೇಹೋಗುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2011ರಲ್ಲಿ ಪ್ರೋಬಯಾಟಿಕ್ ಆಹಾರಗಳಿಗೆ ಮಾರ್ಗಸೂಚಿ ರೂಪಿಸಿದವು. ತಳಿಯ ಮಟ್ಟದವರೆಗೆ ಗುರುತು, ಸುರಕ್ಷತಾ ಪರೀಕ್ಷೆ, ಮನುಷ್ಯರ ಮೇಲಿನ ಪ್ರಯೋಗದ ಆಧಾರ ಅದರ ಮುಖ್ಯ ಬೇಡಿಕೆಗಳು. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2016ರ ನಿಯಮಗಳು ದಿನದ ಸೇವನೆಯಲ್ಲಿ ಕನಿಷ್ಠ 10 ಕೋಟಿ ಜೀವಕಣಗಳಿರಬೇಕೆಂದು ಗೊತ್ತುಪಡಿಸಿದವು. ಆಹಾರ ಪೂರಕವೆಂದು ಮಾರುವ ಉತ್ಪನ್ನ ತಾನು ಕಾಯಿಲೆ ಗುಣಪಡಿಸುವುದಾಗಿ ಹೇಳಿಕೊಳ್ಳುವಂತಿಲ್ಲ.

ಸಂಶೋಧನೆಯ ದಿಕ್ಕು

ವೈಜ್‌ಮನ್ ಸಂಸ್ಥೆಯ ಅದೇ ತಂಡ ಮಲದ ಪರೀಕ್ಷೆಗಷ್ಟೇ ನಿಲ್ಲದೆ, ಎಂಡೋಸ್ಕೋಪಿಯ ಮೂಲಕ ಕರುಳಿನ ಒಳಗೋಡೆಯಿಂದಲೇ ಮಾದರಿ ತೆಗೆದು ನೋಡಿತು. 11 ತಳಿಗಳ ಒಂದೇ ಮಿಶ್ರಣವನ್ನು ನುಂಗಿದ ಸ್ವಯಂಸೇವಕರಲ್ಲಿ ಕೆಲವರ ಕರುಳು ಹೊಸಬರಿಗೆ ಜಾಗ ಬಿಟ್ಟುಕೊಟ್ಟಿತ್ತು, ಇನ್ನು ಕೆಲವರ ಕರುಳು ಅವರನ್ನು ಹೊರದೂಡಿತ್ತು. ಎರಡೂ ಬಗೆಯವರ ಮಲದಲ್ಲೂ ಆ ತಳಿಗಳು ಸಿಗುತ್ತಿದ್ದುದರಿಂದ ಮಲ ನೋಡಿ ಈ ಭೇದ ತಿಳಿಯುವಂತಿರಲಿಲ್ಲ. ಯಾರ ಕರುಳು ಯಾವ ತಳಿಯನ್ನು ಒಪ್ಪುತ್ತದೆಂದು ಮುಂಚೆಯೇ ತಿಳಿಸುವ ಪರೀಕ್ಷೆ ದಿನನಿತ್ಯದ ಚಿಕಿತ್ಸೆಗೆ ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಐಬಿಎಸ್ ರೋಗಿಗೆ ಉಳಿಯುವುದು ತಳಿಯ ಹೆಸರು ನೋಡಿ ಕೊಳ್ಳುವುದು, ವಾರಗಳ ಲೆಕ್ಕ ಇಡುವುದು, ಗಡುವಿಗೆ ಫಲ ಕಾಣದಿದ್ದರೆ ಕೈಬಿಡುವುದು.